ಮಾವನವರ ಕಾಲಿಗೆ ಜೇನುತುಪ್ಪ

ಗೊತ್ತಿದ್ದುದನ್ನು ಹೇಳದೆ ಸುಮ್ಮನಿರುವುದು ವಿಜ್ಞಾನದ ಮಾಸ್ತರನಿಂದ ಆಗದ ಕೆಲಸ. ನನ್ನನ್ನೇ ನೋಡಿ. ಬೈಲಹೊಂಗಲದ ನಮ್ಮ ಮನೆಯಲ್ಲಿ ಹಾಲು ಉಕ್ಕಿದರೆ ನಾನು ಒಲೆ ಆರಿಸುವುದಿಲ್ಲ. ಹಾಲು ಏಕೆ ಉಕ್ಕುತ್ತದೆ ಎಂದು ವಿವರಿಸುತ್ತೇನೆ. ಅಷ್ಟರಲ್ಲಿ ನನ್ನ ಹೆಂಡತಿ ನೀಲಾ ಬಂದು ಒಲೆ ಆರಿಸಿ, ಉಳಿದ ಹಾಲಿನಲ್ಲಿ ತನಗಷ್ಟೇ ಚಹಾ ಮಾಡಿಕೊಳ್ಳುತ್ತಾಳೆ.

ಈ ಚಟಕ್ಕೆ ಜೇನುತುಪ್ಪ ಸಿಕ್ಕಿದ್ದು ನನ್ನ ಹೆಬ್ಬೆರಳಿನಿಂದ. ಹಂಚಿನ ಮೇಲಿನ ಬಿಸಿ ರೊಟ್ಟಿಗೆ ಆಸೆಪಟ್ಟು ಕೈ ಹಾಕಿ ಬೆರಳು ಸುಟ್ಟುಕೊಂಡೆ. ನೀಲಾ ತಣ್ಣೀರು ಸುರಿದು, ಜೇನು ಸವರಿದಳು. ಗಾಯ ಮಾಯಿತು. ಅವಳು ಅದನ್ನು ಮರೆತಳು, ನಾನು ಓದತೊಡಗಿದೆ. ಜೇನಿನಲ್ಲಿ ನೀರು ತೀರ ಕಡಿಮೆಯಂತೆ. ಅದರೊಳಗೆ ಬಿದ್ದ ಸೂಕ್ಷ್ಮಾಣುವಿನ ಮೈಯೊಳಗಿನ ನೀರನ್ನೇ ಹೀರಿಬಿಡುತ್ತದಂತೆ. ಮೇಲೆ ಒಂದಿಷ್ಟು ಆಮ್ಲದ ಗುಣ. ಅದೂ ಸಾಲದೆಂದು, ಗಾಯದ ಪಸೆ ತಾಗಿದರೆ ಹೈಡ್ರೋಜನ್ ಪೆರಾಕ್ಸೈಡು ಅದರಲ್ಲಿ ತಾನಾಗಿ ಸ್ವಲ್ಪಸ್ವಲ್ಪವೇ ಹುಟ್ಟುತ್ತದಂತೆ! ನಮ್ಮ ಸಾಲೆಯಲ್ಲಿ ನನ್ನ ಹೆಬ್ಬೆರಳನ್ನು ನೋಡದೆ ತಪ್ಪಿಸಿಕೊಂಡವರು ಯಾರೂ ಉಳಿಯಲಿಲ್ಲ.

ಹೀಗಿರುವಾಗ ನೀಲಾಳ ತವರು ಮನೋಳಿಯಿಂದ ಸುದ್ದಿ ಬಂತು. ಹೊಸ ಚಪ್ಪಲಿ ಕಚ್ಚಿ ಮಾವನವರ ಎಡಗಾಲಿಗೆ ಗಾಯವಾಗಿತ್ತು. ಅವರಿಗೆ ಶುಗರ್ ಬೇರೆ ಇದೆ. ನೀಲಾ ಹೆದರಿದಳು. ಅವಳ ಸೋದರಮಾವ ಇಂಥದೇ ಗಾಯದಿಂದ ಕಾಲಿನ ಬೆರಳು ಕಳೆದುಕೊಂಡಿದ್ದರು. "ಮೊದಲ ಡಾಕ್ಟರಿಗೆ ತೋರಸೂನ್ರಿ" ಎಂದಳು. "ಮೊದಲ ಜೇನು, ಆಮ್ಯಾಲ ಡಾಕ್ಟರ್" ಎಂದು ನಾನು ದೊಡ್ಡ ಬಾಟಲಿ ಹಿಡಿದು ಹೊರಟೇಬಿಟ್ಟೆ.

ಮಾವನವರು ಬಾಟಲಿಯನ್ನು ಅನುಮಾನದಿಂದ ನೋಡಿದರು. "ಅಳಿಯಂದ್ರ, ನನಗ ಮೊದಲ ಶುಗರ್ ಐತಿ. ಇದನ್ನ ಕಾಲಿಗೆ ಹಚ್ಚಿದರ ಏರೂದಿಲ್ಲೇನ್ರಿ?"

"ಹಚ್ಚಿದರ ಏರೂದಿಲ್ರಿ ಮಾವಾರ. ತಿಂದರ ಏರತೈತಿ" ಎಂದು ಪೂರ್ತಿ ಪಾಠ ಒಪ್ಪಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಭಕ್ತಿಯೆಂದುಕೊಂಡೆ, ನಿದ್ದೆಯೂ ಇರಬಹುದು. ದಿನಾ ಪೂಜೆಯಾದ ಮೇಲೆ ಹಚ್ಚಿಕೊಳ್ಳಬೇಕೆಂದು ಹೇಳಿ ಊರಿಗೆ ಮರಳಿದೆ.

ಮುಂದಿನ ರವಿವಾರ ನೀಲಾಳೊಂದಿಗೆ ಹೋಗಿ ನೋಡಿದರೆ ಬಾಟಲಿ ತೊಳೆದಿಟ್ಟಷ್ಟು ಚೊಕ್ಕಟ. ಗಾಯ ಮಾತ್ರ ಇನ್ನಷ್ಟು ಕೆಂಪಾಗಿ ಬಾತಿತ್ತು.

"ಹಚ್ಚಿದ್ರಿಲ್ರಿ ಮಾವಾರ?"

"ಹ್ಯಾಂಗ ಹಚ್ಚಲ್ರಿ? ಹೊಸಾ ಪದಾರ್ಥ ಮನಿಗೆ ಬಂದ ಮ್ಯಾಲ ಲಿಂಗಕ್ಕ ಅರ್ಪಿಸದ ಮುಟ್ಟೂದು ನಮ್ಮ ಪದ್ಧತಿ ಅಲ್ಲ. ಅರ್ಪಿಸಿದೆ, ಪ್ರಸಾದ ಆತು. ಪ್ರಸಾದ ಯಾರರೆ ಕಾಲಿಗೆ ಹಚ್ಚತಾರೇನ್ರಿ?"

"ಮತ್ತ ಅಷ್ಟೂ ಎಲ್ಲಿ ಹೋತು?"

"ಪ್ರಸಾದ ಕೆಡಸಬಾರದಲ್ರಿ" ಎಂದು ಮಾವನವರು ತಲೆ ತಗ್ಗಿಸಿದರು. "ಚಪಾತಿ ಜೋಡಿ ಛಲೋ ಇತ್ತು."

ಕೂಡಲೇ ಅವರನ್ನು ಸವದತ್ತಿಯ ಡಾಕ್ಟರ ಬಳಿ ಕರೆದೊಯ್ದೆವು. ರಕ್ತ ಪರೀಕ್ಷೆ ನೋಡಿ, ಪ್ರಸಾದದ ಕಥೆಯನ್ನೂ ಕೇಳಿ ಡಾಕ್ಟರು ಹೌಹಾರಿದರು. "ಜೇನು ತಿನ್ನಾಕ ಯಾರ್ರಿ ಹೇಳಿದವರು?" ಮಾವನವರು ಅಭಿಮಾನದಿಂದ ನನ್ನ ಕಡೆ ಕೈ ತೋರಿಸಿ, "ನಮ್ಮ ಅಳಿಯಂದ್ರರಿ, ಸೈನ್ಸ್ ಮಾಸ್ತರ" ಎಂದರು. "ಅಡಗಿಮನಿ ಜೇನು ಬ್ಯಾರೆ, ಗಾಯಕ್ಕಂತ ಶುದ್ಧ ಮಾಡಿದ ಜೇನು ಬ್ಯಾರೆರಿ ಮಾಸ್ತರ. ಶುಗರ್ ಇದ್ದವರ ಕಾಲು ಮೊದಲ ನಮಗ ತೋರಸ್ರಿ" ಎಂದು ಡಾಕ್ಟರು ಹೇಳುವಾಗ, ನಾನು ಗೋಡೆಯ ಮೇಲಿನ ಪಟ ನೋಡುತ್ತ ನಿಂತಿದ್ದೆ. ನೀಲಾ ಡಾಕ್ಟರ ಚೀಟಿಯನ್ನು ನನ್ನ ಕೈಗೆ ಕೊಡದೆ ತನ್ನ ಚೀಲಕ್ಕೆ ಹಾಕಿಕೊಂಡಳು.

ಡ್ರೆಸ್ಸಿಂಗು, ಗುಳಿಗೆ, ಪಥ್ಯ ಎಲ್ಲ ನಡೆದು ಗಾಯ ಮಾಯಿತು. ಮಾವನವರು ಮತ್ತೆ ಹೊಳೆಯ ಕಡೆಗೆ ನಡೆದುಹೋದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಬೆರಳುಗಳೆಲ್ಲ ಜಾಗದಲ್ಲೇ ಇದ್ದವಲ್ಲ! ಊರಲ್ಲಿ ಮಾತ್ರ ಅವರು ಗಾಯ ಮಾಯ್ದದ್ದು ಪ್ರಸಾದದಿಂದ ಎಂದೇ ಹೇಳುತ್ತಾರೆ.

ಮೊನ್ನೆ ಅವರ ಫೋನು ಬಂತು. "ಅಳಿಯಂದ್ರ, ಈಗ ಬಲಗಾಲು ಜರಾ ಉರಿಯಾಕ ಹತ್ತೈತಿ. ಬರೂವಾಗ ಆ ಔಷಧ ತರ್ರಿ."

ನೀಲಾ ಫೋನು ಕಸಿದುಕೊಂಡಳು. "ಅಪ್ಪಾ, ಬಲಗಾಲು ಡಾಕ್ಟರಿಗೆ ತೋರಸೂನು. ಈ ಸಲ ಇವರ ಜೇನೂ ಇಲ್ಲ, ಇವರ ಪಾಠಾನೂ ಇಲ್ಲ."

ಆ ಕಡೆಯಿಂದ ಮಾವನವರ ದೀನ ಸ್ವರ ನನಗೂ ಸ್ಪಷ್ಟವಾಗಿ ಕೇಳಿಸಿತು. "ಪಾಠ ಇಲ್ಲದಿದ್ದರ ನಡೀತೈತವ್ವಾ..."