ನಮ್ಮ ಭಾವನವರ ರೆಕಾರ್ಡಿಂಗ್ ಪೆಟ್ಟಿಗೆ

ಟೆಲಿವಿಷನ್ ನೋಡುವವರನ್ನು ಲೋಕ ಕಂಡಿದೆ. ನೋಡುವುದಿಲ್ಲವೆಂದು ವ್ರತ ತೊಟ್ಟವರನ್ನೂ ಕಂಡಿದೆ. ಆದರೆ ಟೆಲಿವಿಷನ್ ಕೊಂಡು, ಮನೆಯ ಪಕ್ಕದಲ್ಲಿ ಕಂಬ ನೆಟ್ಟು ಡಿಶ್ ಕೂರಿಸಿ, ಅದೂ ಸಾಲದೆಂದು ಕಾರ್ಯಕ್ರಮಗಳನ್ನು ಹಿಡಿದಿಡುವ ರೆಕಾರ್ಡಿಂಗ್ ಬಾಕ್ಸನ್ನು ತಂದು, ಅನಂತರ ಐದು ತಿಂಗಳ ಕಾಲ ಒಂದು ನಿಮಿಷವೂ ಏನನ್ನೂ ನೋಡದೆ ಕುಳಿತ ಮಹಾನುಭಾವರನ್ನು ನೀವು ಯಾರಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಅಕ್ಕನ ಗಂಡ. ಹೆಸರು ಮಾತ್ರ ಹೇಳಲಾರೆ. ಹೇಳಿದರೆ ನನ್ನ ಹಾಜರಿಯನ್ನು ಕತ್ತರಿಸಿಬಿಡುತ್ತಾರೆ! ಅದೆಂತಹ ಹಾಜರಿ ಎಂಬುದು ಮುಂದೆ ತಾನಾಗಿಯೇ ತಿಳಿಯುತ್ತದೆ.

ಭಾವನವರು ಬಾಳೆಲೆಯ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತೆರಡು ವರ್ಷ ರೈಟರ್ ಆಗಿದ್ದವರು. ಎಸ್ಟೇಟಿನಲ್ಲಿ ರೈಟರ್ ಎಂದರೆ ಕಾವ್ಯ ಬರೆಯುವವರಲ್ಲ. ಬೆಳಗಾದರೆ ಆಳುಗಳ ಮನೆಸಾಲಾದ ಲೈನಿನ ಮುಂದೆ ನಿಂತು ಅವರ ಹೆಸರು ಕೂಗಿ ಹಾಜರಿ ಬರೆಯುವವರು. ಬಂದವರಿಗೆ ‘ಹಾ’, ಬಾರದವರಿಗೆ ‘ಗೈ’, ಹೊತ್ತು ಏರಿದ ಮೇಲೆ ಬಂದವರಿಗೆ ‘ಅರ್ಧ’. ನಿವೃತ್ತರಾದ ಮೇಲೆ ಎಸ್ಟೇಟಿನ ಗೇಟಿನಿಂದ ಕೂಗಳತೆಯಲ್ಲಿ, ರಸ್ತೆಗೆ ಮುಖ ಮಾಡಿದ ಎರಡು ಕೋಣೆಯ ಮನೆಯೊಂದನ್ನು ಕಟ್ಟಿಕೊಂಡರು. ಮಕ್ಕಳಿಲ್ಲ. ಅಕ್ಕ ಶಿವನ ಪಾದ ಸೇರಿ ಮೂರು ವರ್ಷಗಳಾದವು.

ಇನ್ನು ನಾನು. ಹೈಸ್ಕೂಲಿನಲ್ಲಿ ಸಂಸ್ಕೃತ ಪಂಡಿತನಾಗಿದ್ದು, ಈಗ ಶಿರಂಗಾಲದಲ್ಲಿ ತ್ರಿಕಾಲ ಶಿವಪೂಜೆಯೊಡನೆ ಕಾಲ ಕಳೆಯುತ್ತಿರುವವನು. ಮದುವೆಯ ಗೊಡವೆಗೆ ಹೋಗಲಿಲ್ಲ. ಅಕ್ಕನೇ ನನಗೆ ತಾಯಿಯ ಸ್ಥಾನದಲ್ಲಿದ್ದಳು. ಹೀಗೆ ಜಿಲ್ಲೆಯ ಆ ತುದಿಯಲ್ಲಿ ಒಬ್ಬರು, ಈ ತುದಿಯಲ್ಲಿ ಒಬ್ಬ. ನಡುವೆ ಎರಡು ಬಸ್ಸು ಬದಲಿಸುವ ದಾರಿ.

ಅಕ್ಕನಿಗೆ ಒಂದು ನೇಮವಿತ್ತು. ನಮ್ಮ ತಾಯಿಯಿಂದ ಬಂದದ್ದು. ಮಧ್ಯಾಹ್ನ ಎಲೆ ಹಾಕಿದ ಮೇಲೆ ಹೊಸ್ತಿಲಿಗೆ ಬಂದು ರಸ್ತೆಯ ಕಡೆಗೆ, “ಹಸ್ದೋರು ಯಾರಾರು ಇದ್ದೀರೇನಪ್ಪಾ?” ಎಂದು ಕೂಗುತ್ತಿದ್ದಳು. ಮೂರು ಸಲ ಕೂಗಿ, ಯಾರೂ ಓಗೊಡದಿದ್ದರೆ ಮಾತ್ರ ಊಟ. ಒಬ್ಬರೇ ಉಂಡದ್ದು ಅನ್ನವಲ್ಲ, ಪಾಪ ಎಂಬುದು ಅವಳ ನಂಬಿಕೆ. ಭಾವನವರು ಪಕ್ಕೆ ಹಿಡಿದುಕೊಂಡು ನಗುತ್ತಿದ್ದರು. “ಕೂಗೇ, ಕೂಗು! ಒಂದಿನ ಎಸ್ಟೇಟ್ ಲೈನು ಪೂರಾ ಬಂದು ಕೂತ್ಕೊಂಡ್ರೆ ಗೊತ್ತಾಗುತ್ತೆ!”

ಅಷ್ಟು ವರ್ಷಗಳಲ್ಲಿ ಓಗೊಟ್ಟವನು ಒಬ್ಬನೇ. ಮಾಕುಟ್ಟದ ಚೆಕ್‌ಪೋಸ್ಟ್ ದಾಟಿ ಬಂದು, ದಾರಿ ತಪ್ಪಿ, ಮನೆಯ ಮುಂದೆ ಚಕ್ರ ಬದಲಿಸುತ್ತಿದ್ದ ಒಬ್ಬ ಲಾರಿ ಚಾಲಕ. ಅಕ್ಕನ ಕೂಗಿಗೆ ಲಾರಿಯ ಅಡಿಯಿಂದಲೇ, “ಉಂಟಮ್ಮಾ, ನಾನುಂಟು!” ಎಂದನಂತೆ. ಅಕ್ಕ ಒಂದಿಷ್ಟೂ ಬೆರಗಾಗದೆ, ದಿನವೂ ಬರುವವನಿಗೆ ಹೇಳುವಂತೆ, “ಹಂಗಾರೆ ಕೈಕಾಲು ತೊಳ್ಕೊಂಡು ಬಾಪ್ಪ” ಎಂದಳಂತೆ. ಅವನು ಉಂಡ ರೊಟ್ಟಿಯ ಎಣಿಕೆ ನಮ್ಮ ವಂಶದ ಇತಿಹಾಸದಲ್ಲಿ ಇನ್ನೂ ವಿವಾದದಲ್ಲಿದೆ. ಅಕ್ಕ ಆರು ಎನ್ನುತ್ತಿದ್ದಳು. ಭಾವನವರು ಹದಿನಾಲ್ಕು ಎನ್ನುತ್ತಾರೆ.

ಅಕ್ಕ ಹೋದ ಮೇಲೆ ಆ ನೇಮವನ್ನು ಭಾವನವರು ಬಿಡಲಿಲ್ಲ. ಬಿಡದಿದ್ದುದು ಸರಿ, ವಿಸ್ತರಿಸಿಬಿಟ್ಟರು! ಊಟಕ್ಕಿದ್ದ ವಿಧಿಯನ್ನು ಟೆಲಿವಿಷನ್ನಿಗೂ ಹಚ್ಚಿದರು. ದಿನವೂ ಸಂಜೆ ಆರು ಗಂಟೆಗೆ ಬರುವ ಪುರಾಣ ಪ್ರವಚನವನ್ನು ಗಂಡಹೆಂಡಿರು ಒಟ್ಟಿಗೆ ಕುಳಿತು ಕೇಳುತ್ತಿದ್ದವರು. ಈಗ ಒಬ್ಬರೇ ಕೇಳುವುದೆಂದರೇನು?

“ಕಿವೀಗೆ ಬಿದ್ದಿದ್ದೂ ಊಟಾನೇ ಅಲ್ವಾ ಪಂಡಿತ್ರೇ? ಒಬ್ಬನೇ ಹೆಂಗೆ ಉಣ್ಣೋದು?” ಎಂದರು ಫೋನಿನಲ್ಲಿ. ಅವರು ನನ್ನನ್ನು ಪಂಡಿತ್ರೇ ಎಂದು ಕರೆಯುವುದರಲ್ಲಿ ಗೌರವ ಎಷ್ಟು, ಕೀಟಲೆ ಎಷ್ಟು ಎಂಬುದನ್ನು ನಲವತ್ತು ವರ್ಷಗಳಿಂದ ವಿಂಗಡಿಸಲಾರದೆ ಬಿಟ್ಟಿದ್ದೇನೆ.

ಮೊದಲು ಸಿಕ್ಕಿಬಿದ್ದವರು ಅಂಚೆಯವರು. ಒಂದು ಸಂಜೆ ತಡವಾಗಿ ರಿಜಿಸ್ಟರ್ ಕಾಗದ ತಂದ ಆ ಬಡಪಾಯಿಯನ್ನು, “ಐದೇ ನಿಮಿಷ ಕೂತ್ಕೊಳಿ” ಎಂದು ಕೂರಿಸಿ, ಒಂದು ಗಂಟೆಯ ಪ್ರವಚನವನ್ನು ಪೂರ್ತಿ ಕೇಳಿಸಿ, ನಡುನಡುವೆ ತಮ್ಮ ವ್ಯಾಖ್ಯಾನವನ್ನೂ ಸೇರಿಸಿ ಕಳುಹಿಸಿದರು. ಅಂದು ಉಳಿದ ಮನೆಗಳಿಗೆ ಟಪಾಲು ತಲುಪಲಿಲ್ಲ. ಅಂಚೆಯವರಿಗೆ ಮಾತ್ರ ಮೋಕ್ಷಮಾರ್ಗ ತಲುಪಿತು. ಅಂದಿನಿಂದ ಅವರು ಕಾಗದಗಳನ್ನು ಗೇಟಿನ ಸಂದಿಯಲ್ಲಿ ಸಿಕ್ಕಿಸಿ, ಸೈಕಲ್ಲಿನ ಬೆಲ್ಲನ್ನು ಅಂಗೈಯಿಂದ ಮುಚ್ಚಿಕೊಂಡು ದಾಟಿಹೋಗುತ್ತಾರಂತೆ!

ಹೀಗೆ ಜನ ಬಂದಾಗ ಪ್ರವಚನವಿಲ್ಲ, ಪ್ರವಚನ ಬಂದಾಗ ಜನರಿಲ್ಲ. ಈ ವಿಷಮ ಸಮಸ್ಯೆಗೆ ಭಾವನವರು ಕಂಡುಕೊಂಡ ಪರಿಹಾರವೇ ರೆಕಾರ್ಡಿಂಗ್ ಬಾಕ್ಸು. ಆಷಾಢದ ಆರಂಭದಲ್ಲಿ ಫೋನು ಬಂತು.

“ಪಂಡಿತ್ರೇ, ಐನೂರು ಜಿಬಿ ಅಂದ್ರೆ ಎಷ್ಟು?”

ತಿಳಿಯದ ವಿಷಯದಲ್ಲಿ ವಿಸ್ತಾರವಾಗಿ ಮಾತನಾಡುವುದು ವಿದ್ವತ್ತಿನ ಲಕ್ಷಣವಷ್ಟೆ? ನಾನು ಶ್ರುತಿ ಎಂದರೆ ಕೇಳಿದ್ದು, ಸ್ಮೃತಿ ಎಂದರೆ ನೆನಪಿನಲ್ಲಿ ಉಳಿದದ್ದು ಎಂದು ತೊಡಗಿ, ಡಿಶ್ ಎಂಬುದು ಶ್ರುತಿ, ಬಾಕ್ಸ್ ಎಂಬುದು ಸ್ಮೃತಿ ಎಂದು ಕಾಲು ಗಂಟೆ ನಿರೂಪಿಸಿದೆ. ಅವರು ತಾಳ್ಮೆಯಿಂದ ಕೇಳಿದರು.

“ಭಾಳ ಚೆನ್ನಾಗಿ ಹೇಳಿದ್ರಿ. ಒಂದೂ ಗೊತ್ತಾಗ್ಲಿಲ್ಲ. ಒಂದ್ಸಲ ಬಂದು ನೋಡಿ ಹೇಳಿ.”

“ಆಷಾಢದಲ್ಲಿ ಎಲ್ಲಿಗೆ ಪ್ರಯಾಣ ಭಾವ? ಶ್ರಾವಣ ಬರಲಿ.”

ಶ್ರಾವಣ ಬಂತು. ಶ್ರಾವಣ ಸೋಮವಾರಗಳ ಅಭಿಷೇಕ ಬಿಟ್ಟು ಬರಲಾದೀತೇ? ಅನಂತರ ಗೌರಿ ಗಣೇಶ. ಅನಂತರ ಪಿತೃಪಕ್ಷ. ಅನಂತರ ನವರಾತ್ರಿ. ನಮ್ಮ ಪಂಚಾಂಗದಷ್ಟು ಕರುಣಾಮಯವಾದ ಗ್ರಂಥ ಬೇರೊಂದಿಲ್ಲ. ಹೋಗಲು ಮನಸ್ಸಿಲ್ಲದವನಿಗೆ ಅದು ವರ್ಷವಿಡೀ ಆಶ್ರಯ ಕೊಡುತ್ತದೆ. ನಿಜ ಹೇಳಬೇಕೆಂದರೆ, ಅಕ್ಕನ ಕೂಗಿಲ್ಲದ ಆ ಹೊಸ್ತಿಲನ್ನು ದಾಟಲು ನನಗೆ ಕಾಲೇಳುತ್ತಿರಲಿಲ್ಲ. ಅವಳ ತಿಥಿಯನ್ನೂ ಶಿರಂಗಾಲದಲ್ಲೇ ಮಾಡಿ ಮುಗಿಸುತ್ತಿದ್ದೆ.

ಬಾಕ್ಸು ಕೊಂಡದ್ದು ಆ ಆಷಾಢದಲ್ಲಿಯೇ. ಗೋಣಿಕೊಪ್ಪದ ಅಂಗಡಿಯಲ್ಲಿ ನಿಂತು, ಫೋನನ್ನು ಸ್ಪೀಕರಿಗೆ ಹಾಕಿ, ಗಾಜಿನ ಮೇಜಿನ ಮೇಲೆ ನನ್ನನ್ನು ಮಲಗಿಸಿದರು. ಅಂಗಡಿಯವರು ಮಲಯಾಳಿಗಳು, ಬಹಳ ಸಜ್ಜನರು.

“ಎಷ್ಟು ಗಂಟೆ ರೆಕಾರ್ಡ್ ಹಿಡೀಬೇಕು ಸಾರ್?” ಎಂದು ಅವರು ಕೇಳಿದರು.

“ನಮ್ಮ ಪಂಡಿತ್ರ ಹಬ್ಬಗಳು ಮುಗಿಯೋ ತನಕ ಹಿಡೀಬೇಕು” ಎಂದರು ಭಾವನವರು.

“ಅಷ್ಟು ದೊಡ್ಡದು ಕಂಪನಿಯಲ್ಲೇ ಇಲ್ಲ ಸಾರ್” ಎಂದು ಅಂಗಡಿಯವರು ನಕ್ಕು, ಒಂದು ಪೆಟ್ಟಿಗೆಯನ್ನು ಮುಂದಿಟ್ಟ ಸದ್ದು ಕೇಳಿಸಿತು. “ಇದು ನೋಡಿ. ಒಂದು ಚಾನಲ್ ನೋಡ್ತಾ ಇರುವಾಗ್ಲೇ ಇನ್ನೊಂದು ಚಾನಲ್ ರೆಕಾರ್ಡ್ ಆಗ್ತದೆ.”

“ಬೇಡ. ನಾನು ಎರಡನ್ನೂ ನೋಡಲ್ಲ.”

ಇಂಥ ಗಿರಾಕಿ ಅಂಗಡಿಯವರಿಗೂ ಹೊಸಬರೇ ಇರಬೇಕು. “ಹಾಗಾದ್ರೆ ಇದು ತಗೊಳಿ. ಎಲ್ಲಕ್ಕಿಂತ ಒಳ್ಳೇದು. ನೀವು ಬಾಳೆಲೆಯಲ್ಲಿ ರೆಕಾರ್ಡ್ ಮಾಡಿದ್ರೆ, ಫೋನಲ್ಲಿರುವ ಪಂಡಿತರು ಅವರ ಮನೆಯಲ್ಲೇ ಕೂತು ಮೊಬೈಲಲ್ಲಿ ನೋಡಬಹುದು. ಎಲ್ಲಿಗೂ ಹೋಗೋದು ಬೇಡ!”

ನಾನು ಮೇಜಿನ ಮೇಲಿನಿಂದಲೇ ಕೂಗಿದೆ: “ಭಾವ, ಅದನ್ನೇ ತಗೊಳ್ಳಿ! ಬಹಳ ಅನುಕೂಲವಾಯ್ತು!”

“ಆ ಮೂಲೇಲಿರೋದು ಏನು?” ಎಂದರು ಭಾವನವರು.

“ಅದು ಹಳೇ ಮಾಡೆಲ್ ಸಾರ್. ಅದರಲ್ಲಿ ಹಿಡಿದದ್ದು ಅದರಲ್ಲೇ ನೋಡಬೇಕು. ಪೆನ್‌ಡ್ರೈವಿಗೆ ಹಾಕ್ಲಿಕ್ಕಾಗೋದಿಲ್ಲ, ಮೊಬೈಲಿಗೆ ಬರೋದಿಲ್ಲ. ನೋಡ್ಬೇಕು ಅಂದ್ರೆ ಆ ಬಾಕ್ಸ್ ಇರುವ ಮನೆಗೇ ಬರಬೇಕು. ಅದಕ್ಕೇ ಯಾರೂ ತಗೊಳ್ಳೋದಿಲ್ಲ.”

“ಅದನ್ನೇ ಕೊಡಿ.”

“ಸಾರ್, ಅದು—”

“ಅದನ್ನೇ ಕೊಡಿ ಅಂದೆ!”

ಎಂತಹ ಮೂಢತನ! ಮೂರು ಪೆಟ್ಟಿಗೆಗಳಲ್ಲಿ ಗುಣಗಳುಳ್ಳ ಎರಡನ್ನು ಬಿಟ್ಟು, ದೋಷವೊಂದೇ ಮೈಯಾದದ್ದನ್ನು ಆರಿಸಿಕೊಳ್ಳುವುದೇ? ಮೂವತ್ತೆರಡು ವರ್ಷ ಸಾವಿರಾರು ಆಳುಗಳನ್ನು ಅಳೆದ ಮನುಷ್ಯ ಒಂದು ಪೆಟ್ಟಿಗೆಯನ್ನು ಅಳೆಯಲಾರದೆ ಹೋದರಲ್ಲ ಎಂದು ನಾನು ಶಿರಂಗಾಲದ ಸ್ನೇಹಿತರಿಗೆಲ್ಲ ಹೇಳಿ ನಗಿಸಿದೆ. ವಾರಗಟ್ಟಲೆ ನಗಿಸಿದೆ.

ಮೊದಲ ದಿನದ ರೆಕಾರ್ಡಿಂಗಿನ ವೃತ್ತಾಂತವಂತೂ ಇನ್ನೂ ಸೊಗಸು. ಅಂದು ಸುರಿದ ಮಳೆಗೆ ಡಿಶ್ ಕುರುಡಾಗಿ, ಪರದೆಯ ಮೇಲೆ ‘ಸಿಗ್ನಲ್ ಇಲ್ಲ’ ಎಂಬ ಎರಡು ಪದಗಳಷ್ಟೇ ನಿಂತವು. ಬಾಕ್ಸು ನಿಷ್ಠಾವಂತ ಶಿಷ್ಯನಂತೆ ಅದನ್ನೇ ಒಂದು ಗಂಟೆ ಬರೆದುಕೊಂಡಿತು! “ಅಳಿಸಿಬಿಡಿ ಭಾವ” ಎಂದೆ. “ಬಂದೋರಿಗೆ ಯಾವುದು ಇಷ್ಟಾನೋ ಯಾರಿಗ್ಗೊತ್ತು? ಇರ್ಲಿ” ಎಂದರು.

ಕಾರ್ತೀಕ ಮುಗಿದು ಕಾಫಿ ಕೊಯ್ಲು ತೊಡಗಿದ ಕಾಲದಲ್ಲಿ ಮತ್ತೆ ಫೋನು.

“ಪಂಡಿತ್ರೇ, ಬಾಕ್ಸು ತುಂಬೋಯ್ತು. ‘ಜಾಗ ಇಲ್ಲ, ಹಳೇದು ಅಳಿಸಲೇ’ ಅಂತ ಕೇಳ್ತಾ ನಿಂತಿದೆ. ಮೂರು ದಿನ ಆಯ್ತು, ಹಂಗೇ ನಿಂತಿದೆ. ಏನಂತ ಒತ್ಲಿ?”

“ಹೌದು ಅಂತ ಒತ್ತಿ ಭಾವ. ಹೇಗೂ ಯಾರೂ ನೋಡಿಲ್ಲವಲ್ಲ, ಹೋದರೆ ಹೋಯಿತು!” ಎಂದು ನಕ್ಕೆ.

ಅವರು ನಗಲಿಲ್ಲ. ನಮ್ಮಿಬ್ಬರ ನಡುವಿನ ನಲವತ್ತು ವರ್ಷಗಳ ಸಂಭಾಷಣೆಯಲ್ಲಿ ಅವರು ನಗದೆ ಬಿಟ್ಟ ಜಾಗ ಅದೊಂದೇ.

“ನೋಡಿರೋದಾದ್ರೆ ಅಳಿಸ್ಬೋದು ಪಂಡಿತ್ರೇ. ನೋಡಿರ್ತೀವಲ್ಲ. ನೋಡ್ದೇ ಇರೋದನ್ನ ಹೆಂಗೆ ಅಳಿಸೋದು?”

ಮರುದಿನ ಪ್ರಾತಃಪೂಜೆ ಮುಗಿಸಿ, ಪಂಚಾಂಗವನ್ನು ತೆರೆಯದೆ, ಚೀಲ ಹೆಗಲಿಗೇರಿಸಿ ಹೊರಟೆ. ಕುಶಾಲನಗರ, ಗೋಣಿಕೊಪ್ಪ, ಬಾಳೆಲೆ. ತಲುಪಿದಾಗ ನಡುಮಧ್ಯಾಹ್ನ. ಸಂಜೆ ನಾಲ್ಕರ ಬಸ್ಸಿಗೆ ಹಿಂತಿರುಗುವ ಸಂಕಲ್ಪವಿದ್ದುದರಿಂದ ಚೀಲವನ್ನು ಜಗಲಿಯಲ್ಲೇ ಇಟ್ಟು, ಕೈಕಾಲು ತೊಳೆದು ಒಳಗೆ ಹೋದೆ. ಭಾವನವರು ಇಳಿದುಹೋಗಿದ್ದರು. ಆದರೂ ಬಾಯಿ ಇಳಿದಿರಲಿಲ್ಲ.

“ಏನು, ಇವತ್ತು ಯಾವ ಹಬ್ಬಾನೂ ಸಿಕ್ಲಿಲ್ವಾ?”

ಕೋಣೆಯಲ್ಲಿ ಎರಡು ಕುರ್ಚಿ. ಟೆಲಿವಿಷನ್ನಿನ ಮೇಲೆ ಉದ್ದನೆಯ ಒಂದು ಪುಸ್ತಕ. ಎಸ್ಟೇಟಿನ ಹಾಜರಿ ಪುಸ್ತಕದಂತೆಯೇ ಗೆರೆ ಎಳೆದದ್ದು. ಪ್ರತಿದಿನದ ತಾರೀಕು, ಬಾಕ್ಸಿನ ಪಟ್ಟಿಯಿಂದ ಇಳಿಸಿಕೊಂಡ ಪ್ರವಚನದ ವಿಷಯ, ಕರೆಂಟು ಹೋಗಿದ್ದರೆ ಪ್ರವಚನಕಾರರಿಗೂ ‘ಅರ್ಧ’! ನಗುತ್ತ ಹಾಳೆ ತಿರುವಿದೆ. ಕೊನೆಯ ಅಂಕಣಕ್ಕೆ ‘ಪಂಡಿತರು’ ಎಂಬ ತಲೆಬರಹವಿತ್ತು. ಅದರ ಕೆಳಗೆ ಗೈ, ಗೈ, ಗೈ. ಹಾಳೆಯಿಂದ ಹಾಳೆಗೆ, ಆಷಾಢದಿಂದ ಕಾರ್ತೀಕಕ್ಕೆ, ಒಂದು ದಿನವೂ ತಪ್ಪದೆ, ಅದೇ ಮುತ್ತಿನಂತಹ ಅಕ್ಷರದಲ್ಲಿ ‘ಗೈ’.

ನಾನು ಪುಸ್ತಕ ಮುಚ್ಚಿದೆ. “ಭಾವ, ಆ ಮೊಬೈಲಿನಲ್ಲಿ ನೋಡುವ ಪೆಟ್ಟಿಗೆ ತಂದಿದ್ದರೆ...”

“ತಂದಿದ್ರೆ ನೀವು ಬರ್ತಿದ್ರಾ?” ಎಂದರು.

ಅವರು ರಿಮೋಟ್ ಕೈಗೆತ್ತಿಕೊಂಡರು. ಆದರೆ ಒತ್ತಲಿಲ್ಲ. ಎದ್ದು ನಿಧಾನವಾಗಿ ಹೊಸ್ತಿಲಿಗೆ ಹೋಗಿ, ನನಗೆ ಬೆನ್ನು ಮಾಡಿ, ರಸ್ತೆಯ ಕಡೆಗೆ ಕೂಗಿದರು. “ಯಾರಾರು ಇದ್ದೀರೇನಪ್ಪಾ?” ಅಕ್ಕನದೇ ಏರಿಳಿತ, ದನಿ ಮಾತ್ರ ಗಂಡಸಿನದು, ಒಡೆದದ್ದು. ಎರಡನೆಯ ಸಲ ಕೂಗಿದರು. ಮೂರನೆಯದಕ್ಕೆ ನಾನು ಬಿಡಲಿಲ್ಲ.

“ಇದ್ದೀನಿ ಭಾವ.”

ಅವರು ತಿರುಗಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು, “ಹಂಗಾರೆ ಕೈಕಾಲು ತೊಳ್ಕೊಂಡು ಬನ್ನಿ” ಎಂದರು.

ಆಗಲೇ ತೊಳೆದಿದ್ದೆ. ಆದರೂ ಹೋಗಿ ಇನ್ನೊಮ್ಮೆ ತೊಳೆದೆ. ಮುಖವನ್ನೂ ತೊಳೆದೆ, ಅದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು.

ಊಟವಾದ ಮೇಲೆ ಮೊದಲಿನಿಂದ ಆರಂಭಿಸಿದೆವು. ಮೊದಲನೆಯದೆಂದರೆ ‘ಸಿಗ್ನಲ್ ಇಲ್ಲ’! “ಮುಂದಕ್ಕೆ ಓಡಿಸ್ಲಾ?” ಎಂದರು. ಬೇಡವೆಂದೆ. ಎರಡು ಕುರ್ಚಿಗಳಲ್ಲಿ ಕುಳಿತು ಆ ಎರಡು ಪದಗಳನ್ನು ಒಂದು ಗಂಟೆ ನೋಡಿದೆವು. ಅಕ್ಕನ ರೊಟ್ಟಿಯ ಲೆಕ್ಕ ಆರೋ ಹದಿನಾಲ್ಕೋ ಎಂದು ವಾದಿಸಿದೆವು. ಮುಗಿದ ಮೇಲೆ ಭಾವನವರು, “ನೋಡಿ ಆಯ್ತು, ಈಗ ಅಳಿಸ್ಬೋದು” ಎಂದು ಗುಂಡಿ ಒತ್ತಿ, ಪುಸ್ತಕ ತೆಗೆದು, ಕನ್ನಡಕ ಏರಿಸಿ, ನನ್ನ ಅಂಕಣದಲ್ಲಿ ಬರೆದರು. ಬಗ್ಗಿ ನೋಡಿದೆ. ‘ಅರ್ಧ’.

“ಇದು ಅನ್ಯಾಯ ಭಾವ! ಬಂದಿದ್ದೇನಲ್ಲ!”

“ಹೊತ್ತು ಏರಿದ ಮೇಲೆ ಬಂದೋರಿಗೆ ಪೂರಾ ದಿನ ಎಲ್ಲಾದ್ರೂ ಬರೀತಾರಾ? ನಮ್ಮ ಎಸ್ಟೇಟಲ್ಲಿ ದೊರೆ ಮಗ ಬಂದ್ರೂ ಅರ್ಧಾನೇ.”

ರಸ್ತೆಯಲ್ಲಿ ನಾಲ್ಕರ ಬಸ್ಸಿನ ಹಾರನ್ ಕೇಳಿಸಿತು. ನಾನು ಜಗಲಿಗೆ ಹೋಗಿ, ಅಲ್ಲಿದ್ದ ಚೀಲವನ್ನು ತಂದು ಒಳಗಿನ ಗೂಟಕ್ಕೆ ತಗುಲಿಹಾಕಿದೆ.

“ನಾಳೆಗೆ ಪೂರಾ ಬರ್ಕೊಳ್ಳಿ ಭಾವ” ಎಂದೆ.