ಚಿಕ್ಕತ್ತೆಯ ಕ್ಲಾಸು ಬಿಟ್ಟ ದಿನ

ಟೈಲರಣ್ಣನ ಫಜೀತಿಗೆಲ್ಲ ಮೂಲ ಒಂದು ಕೋಟು. ಹೊಸ ಗಿರಾಕಿಯೊಬ್ಬ ಅಂಗಡಿಗೆ ಬಂದು ಪಟಪಟನೆ ಇಂಗ್ಲಿಷಿನಲ್ಲಿ ಏನೇನೋ ಹೇಳಿದ್ದ. ಟೈಲರಣ್ಣ ಮರ್ಯಾದೆಗೆ ಅಂಜಿ ಎಲ್ಲದಕ್ಕೂ ತಲೆಯಾಡಿಸಿದ್ದ. ಮುಂದಿನ ವಾರ ಗಿರಾಕಿ ಬಂದು ನೋಡಿದರೆ, ಕೋಟಿನ ಸೊಂಟದ ಕೆಳಗೆ ಸುತ್ತಲೂ ನೆರಿಗೆ. ಸುದ್ದಿ ಬೀದಿಯೆಲ್ಲ ಸುತ್ತಿ ಮನೆ ಮುಟ್ಟಿದ ಸಂಜೆಯೇ ಹೆಂಡತಿ ಅವನನ್ನು ತನ್ನ ಚಿಕ್ಕಮ್ಮನ ಇಂಗ್ಲಿಷ್ ಕ್ಲಾಸಿಗೆ ಸೇರಿಸಿಬಿಟ್ಟಳು.

ಹೆಂಡತಿಯ ಚಿಕ್ಕಮ್ಮ ಎಂದರೆ ಟೈಲರಣ್ಣನಿಗೆ ಚಿಕ್ಕತ್ತೆ. ಶಾಲೆಯಿಂದ ನಿವೃತ್ತಿಯಾದರೂ ಸೀಮೆಸುಣ್ಣ ಕೆಳಗಿಟ್ಟವರಲ್ಲ. ಅಂಗಡಿಯ ಎದುರು ಮಹಡಿಯಲ್ಲಿ ದಿನಾ ಸಂಜೆ ಕ್ಲಾಸು. ಅವರದು ಒಂದೇ ಕಟ್ಟಳೆ: ಶಿಷ್ಯರು ಏನು ಹೇಳುವುದಿದ್ದರೂ ಇಂಗ್ಲಿಷಿನಲ್ಲೇ ಹೇಳಬೇಕು. ಕ್ಲಾಸಿರಲಿ, ಬೀದಿಯಿರಲಿ, ಮನೆಮಾತಿನಲ್ಲಿ ಆಡಿದರೆ ಅವರು ಕಿವಿ ಮುಟ್ಟಿ ತೋರಿಸಿ, ಕೇಳಿಸುತ್ತಿಲ್ಲ ಎಂದು ಸನ್ನೆ ಮಾಡಿ ನಡೆದುಬಿಡುತ್ತಿದ್ದರು. ಚಕ್ಕರ್ ಹೊಡೆಯುವಂತೆಯೂ ಇರಲಿಲ್ಲ. ಒಮ್ಮೆ ಅವನು ಹೋಗದಿದ್ದಾಗ ಶಿಷ್ಯರನ್ನೆಲ್ಲ ಕಟ್ಟಿಕೊಂಡು ಅಂಗಡಿಗೇ ಬಂದು, ಗಿರಾಕಿಗಳ ಎದುರಿಗೇ ಪಾಠ ಮುಗಿಸಿ ಹೋಗಿದ್ದರು.

ಇದನ್ನೂ ಸಹಿಸಿಕೊಳ್ಳಬಹುದಿತ್ತು. ಆದರೆ ಕ್ಲಾಸಿನ ಹೊತ್ತೇ ಕೇರಂ ಹೊತ್ತು. ಸೈಕಲ್ ರಿಪೇರಿ ಅಂಗಡಿಯ ಮುಂದಿನ ಕೇರಂ ಬೋರ್ಡಿಗೆ ಟೈಲರಣ್ಣನದೇ ಒಂದು ಕುರ್ಚಿ ವರ್ಷಗಳಿಂದ ಇತ್ತು. ಈಗ ಮಹಡಿಯ ಕಿಟಕಿ ಪಕ್ಕ ಕೂತು ಸ್ಟ್ರೈಕರಿನ ಟಕ್ ಟಕ್ ಕೇಳುವಾಗ ಅವನಿಗೆ ಅಳುವೇ ಬರುತ್ತಿತ್ತು. ಅವತ್ತು ಬೆಳಿಗ್ಗೆ ಸೈಕಲ್‌ನವನು ಬಂದು ಖಡಾಖಂಡಿತವಾಗಿ ಹೇಳಿದ:

"ಇವತ್ತು ಸಂಜೆ ನೀನು ಬರಲಿಲ್ಲ ಅಂದ್ರೆ ನಿನ್ನ ಕುರ್ಚಿ ಬೇರೆಯವರಿಗೆ ಕೊಟ್ಬಿಡ್ತೀನಿ. ಕೇಳ್ತಿರೋರು ಇದ್ದಾರೆ."

ಟೈಲರಣ್ಣ ನಿರ್ಧಾರ ಮಾಡಿಬಿಟ್ಟ. ಆಕಾಶ ಕಳಚಿ ಬಿದ್ದರೂ ಸರಿ, ಇವತ್ತು ಕ್ಲಾಸು ಬಿಡುವುದೇ. ನೀನೇ ಒಂದು ಮಾತು ಹೇಳಿಬಿಡು ಎಂದು ಹೆಂಡತಿಯನ್ನು ಗೋಗರೆದ. "ನಿಮ್ಮ ಬಾಯಿಗೇನು ಹೊಲಿಗೆ ಹಾಕಿದೆಯಾ? ನೀವೇ ಹೇಳಿ," ಎಂದಳು ಅವಳು. ಹೇಳಬಹುದು, ಆದರೆ ಬಿಡುತ್ತೇನೆ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ? ಪಾಠ ಇನ್ನೂ ತಿನ್ನುವುದು, ಮಲಗುವುದರಲ್ಲೇ ಇತ್ತು.

ಬಸ್ ಕಂಡಕ್ಟರ್ ಡ್ಯೂಟಿ ಪ್ಯಾಂಟಿನ ಉದ್ದ ತಗ್ಗಿಸಲು ಕೊಟ್ಟು, ಅಂಗಡಿಯ ಪರದೆ ಸುತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದ. ಅವನನ್ನು ಕೇಳಿದ್ದೇ ತಡ, "ಸ್ಟಾಪ್ ಅನ್ನು. ಬಸ್ಸೇ ನಿಲ್ಲುತ್ತೆ, ನಿಮ್ಮ ಚಿಕ್ಕತ್ತೆ ಯಾವ ಲೆಕ್ಕ?" ಎಂದ. ಪಕ್ಕದ ಔಷಧಿ ಅಂಗಡಿಯವರು ಅಲ್ಲಿಂದಲೇ ಕತ್ತು ಚಾಚಿದರು. ನಿಂತ ಬಸ್ಸು ಮತ್ತೆ ಹೊರಡುತ್ತದಲ್ಲ, ಡಿಸ್‌ಕಂಟಿನ್ಯೂ ಅನ್ನಬೇಕು, ಡಿಸ್‌ಕಂಟಿನ್ಯೂ ಆದ ಮಾತ್ರೆ ದೇವರು ಬಂದು ಕೇಳಿದರೂ ಸಿಗುವುದಿಲ್ಲ ಎಂದರು. ವಕೀಲರ ಕರಿಕೋಟು ಒಯ್ಯಲು ಬಂದಿದ್ದ ಅವರ ಗುಮಾಸ್ತ ಇಬ್ಬರನ್ನೂ ಕನಿಕರದಿಂದ ನೋಡಿ, "ಟರ್ಮಿನೇಟ್. ಆಮೇಲೆ ಅಪೀಲಿಗೂ ದಾರಿಯಿಲ್ಲ," ಎಂದು ತೀರ್ಪು ಕೊಟ್ಟ. ದಾರಿಯಲ್ಲಿ ಹೋಗುತ್ತಿದ್ದ ಲೈನ್‌ಮನ್ ಕೂಡ ಸುಮ್ಮನಿರಲಾರದೆ, ಕಟ್ ಅಂದರೆ ಸಾಕು ಎಂದು ಹೇಳಿ ಹೋದ.

ಟೈಲರಣ್ಣ ಎಲ್ಲವನ್ನೂ ಅಳತೆ ಟೇಪಿನ ಹಿಂಬದಿಗೆ ಬರೆದುಕೊಂಡ. ಆಮೇಲೆ ಕತ್ತರಿ ಹಿಡಿದು, "ಐ ಕಟ್, ಐ ಕಟ್," ಎಂದು ಬಾಯಿಪಾಠ ಮಾಡತೊಡಗಿದ. ಬಾಯಿ ಹೇಳಿದ್ದನ್ನು ಕೈ ಕೇಳಿತು. ಕಂಡಕ್ಟರ್ ಕಿರುಚುವಷ್ಟರಲ್ಲಿ ಪ್ಯಾಂಟು ಮೊಣಕಾಲಿನ ಮೇಲಕ್ಕೆ ಬಂದಿತ್ತು. ಆ ದಿನ ಪ್ರಯಾಣಿಕರು ಚಡ್ಡಿ ತೊಟ್ಟ ಕಂಡಕ್ಟರನಿಂದ ಟಿಕೆಟ್ ಪಡೆದರು. ಅವನು ಹೋಗುವ ಮುನ್ನ ಅಂದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ.

ಮಧ್ಯಾಹ್ನ ಚಿಕ್ಕತ್ತೆ ಚೀಲ ಹಿಡಿದು ಹೋಗುವುದು ಕಂಡಿತು. ಟೈಲರಣ್ಣ ಚಪ್ಪಲಿಯನ್ನೂ ಮೆಟ್ಟದೆ ಓಡಿ, "ಐ ಸ್ಟಾಪ್!" ಎಂದ. ಅವರು ನಿಂತರು, ಅದೂ ಕೇರಂ ಬೋರ್ಡಿನ ಪಕ್ಕದಲ್ಲೇ. ಅವನು ಟೇಪು ತಿರುಗಿಸಿ ಮುಂದಿನ ಮಾತು ಹುಡುಕುವಷ್ಟರಲ್ಲಿ ಅವರು ಬೋರ್ಡನ್ನು ದಿಟ್ಟಿಸಿ, ಒಂದು ಕಾಯಿಯ ಕಡೆ ಬೆರಳು ತೋರಿಸಿ ಸೈಕಲ್‌ನವನಿಗೆ ಏನೋ ಸನ್ನೆ ಮಾಡಿದರು. ಅವನು ವಿನಯದಿಂದ ತಲೆಯಾಡಿಸಿದ. ಚಿಕ್ಕತ್ತೆ ಅಳಿಯನಿಗೆ "ವೆರಿ ಗುಡ್" ಹೇಳಿ ಹೊರಟುಹೋದರು.

ಸಂಜೆ ಟೈಲರಣ್ಣ ಟೇಪನ್ನು ಕೊರಳಿಗೆ ಹಾಕಿಕೊಂಡು ಯುದ್ಧಕ್ಕೆ ಹೊರಟವನಂತೆ ಮಹಡಿ ಹತ್ತಿದ. ಕೂರುವ ಮೊದಲೇ, "ಐ ಸ್ಟಾಪ್," ಎಂದ. ಚಿಕ್ಕತ್ತೆ ಅದನ್ನು ಕರಿಹಲಗೆಯ ಮೇಲೆ ಬರೆದು ಎಲ್ಲರಿಂದಲೂ ಹೇಳಿಸಿದರು. "ಐ ಡಿಸ್‌ಕಂಟಿನ್ಯೂ," ಎಂದ. ಅದನ್ನೂ ಬರೆದರು. "ಐ ಟರ್ಮಿನೇಟ್" ಎಂದಾಗ ಶಿಷ್ಯರಲ್ಲೊಬ್ಬರಾದ ನಿವೃತ್ತ ಪೋಸ್ಟ್‌ಮ್ಯಾನ್ ತಾತ ಚಪ್ಪಾಳೆ ತಟ್ಟಿದರು. ಟೈಲರಣ್ಣನಿಗೆ ರೋಸಿಹೋಯಿತು. ಟೇಪಿನಲ್ಲಿದ್ದುದನ್ನೆಲ್ಲ ಒಂದೇ ಉಸಿರಿಗೆ ಓದಿ, ಮೇಜು ಗುದ್ದಿ, ಬಾಗಿಲಿನ ಕಡೆ ಕೈ ತೋರಿಸಿದ.

ಚಿಕ್ಕತ್ತೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ, ಕ್ಲಾಸಿನ ಚರಿತ್ರೆಯಲ್ಲೇ ಮೊದಲ ಬಾರಿಗೆ, ಮನೆಮಾತಿನಲ್ಲಿ ಮಾತಾಡಿದರು.

"ನಿಮ್ಮ ಮನಸ್ಸಲ್ಲಿ ಇರೋದು ನನಗೆ ಮಧ್ಯಾಹ್ನವೇ ಅರ್ಥ ಆಯ್ತು ಅಳಿಯಂದಿರೇ. ನನಗೂ ಸಾಕಾಗಿದೆ. ಒಬ್ಬ ಶಿಷ್ಯ ತನ್ನ ಮನಸ್ಸಲ್ಲಿರೋದನ್ನ ಇಂಗ್ಲಿಷಲ್ಲಿ ಹೇಳೋ ದಿನ ಅವನಿಗೇ ಕ್ಲಾಸು ಒಪ್ಪಿಸಿ ಬಿಟ್ಬಿಡೋಣ ಅಂತ ಕಾಯ್ತಿದ್ದೆ. ನೀವು ಇಷ್ಟು ಚೆನ್ನಾಗಿ ಹೇಳಿದ್ರಿ."

ಸೀಮೆಸುಣ್ಣವನ್ನು ಅವನ ಅಂಗೈಯಲ್ಲಿಟ್ಟು, ಬೆರಳು ಮಡಿಸಿ, ದಡದಡನೆ ಮೆಟ್ಟಿಲಿಳಿದರು. ಆ ವಯಸ್ಸಿನವರು ಅಷ್ಟು ಜೋರಾಗಿ ಇಳಿದದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

"ನನ್ನಿಂದ ಆಗಲ್ಲ ಚಿಕ್ಕತ್ತೆ, ನಿಲ್ಲಿ!" ಎಂದು ಟೈಲರಣ್ಣ ಕೂಗಿದ. ಶಿಷ್ಯರೆಲ್ಲ ಒಟ್ಟಿಗೆ ಕಿವಿ ಮುಟ್ಟಿ ತೋರಿಸಿದರು.

ಕೆಳಗಿನಿಂದ ಟಕ್ ಎಂದು ಸದ್ದು ಬಂತು, ಅದರ ಹಿಂದೆಯೇ ಹೋ ಎಂಬ ಕೂಗು. ಟೈಲರಣ್ಣ ಕಿಟಕಿಯಿಂದ ಬಗ್ಗಿ ನೋಡಿದ. ಅವನ ಕುರ್ಚಿಯಲ್ಲಿ ಚಿಕ್ಕತ್ತೆ ತೋಳು ಮೇಲೇರಿಸಿ ಕೂತು, ಆಗಷ್ಟೇ ಕೆಂಪು ಕಾಯಿಯನ್ನು ಪಾಕೆಟಿಗೆ ಹಾಕಿದ್ದರು. ಸೈಕಲ್‌ನವನು ಭಕ್ತಿಯಿಂದ ಬೋರ್ಡಿಗೆ ಪೌಡರ್ ಉದುರಿಸುತ್ತಿದ್ದ.

ಹಿಂದೆ ಬೆಂಚು ಕಿರುಗುಟ್ಟಿತು. ಪೋಸ್ಟ್‌ಮ್ಯಾನ್ ತಾತ ಎದ್ದು ನಿಂತು, ಕರಿಹಲಗೆಯನ್ನೊಮ್ಮೆ ನೋಡಿಕೊಂಡು, ಬಾಗಿಲಿನ ಕಡೆ ಕೈ ತೋರಿಸಿ ಆಸೆಯಿಂದ ಹೇಳಿದರು:

"ಸರ್, ಐ ಡಿಸ್‌ಕಂಟಿನ್ಯೂ."

ಟೈಲರಣ್ಣ ಕಿಟಕಿ ಮುಚ್ಚಿದ.

"ವೆರಿ ಗುಡ್," ಎಂದ ಹಲ್ಲು ಕಚ್ಚಿ. "ನೆಕ್ಸ್ಟ್."