ಅತ್ತೆಯ ಕಾರಿಗೆ ಹೊಸ ಬೆಳಕು

ಅಷ್ಟೂ ರಗಳೆಗೆ ಕಾರಣ ಶಾರದಮ್ಮನವರು ಆಡಿದ ಒಂದೇ ಒಂದು ಮಾತು. ದೀಪಾವಳಿಗೆಂದು ಮದರಾಸಿಗೆ ಬಂದಿದ್ದವರು, ಸಂಜೆ ಅಳಿಯ ಕಮಲಾಕರನ ಜೊತೆ ಬೀಚಿನಿಂದ ಮನೆಗೆ ವಾಪಸಾಗುವಾಗ, ಕಾರಿನ ಮುಂದಿನ ಗಾಜಿಗೆ ಮೂಗು ತಾಗುವಷ್ಟು ಬಾಗಿ ನೋಡಿ, "ಇದೇನು ಅಳಿಯಂದ್ರೇ, ಇದು ಲೈಟೋ ಮಿಣುಕುಹುಳವೋ? ರಸ್ತೆಯೇ ಕಾಣ್ತಿಲ್ವಲ್ಲ! ನಮ್ಮ ಯಜಮಾನರು ಇದ್ದಾಗ ಈ ಕಾರು ಹೇಗೆ ಝಗಝಗ ಅಂತಿತ್ತು!" ಎಂದುಬಿಟ್ಟರು.

ಕಾರು ಶಾರದಮ್ಮನವರದೇ. ಮೈಸೂರಿನಲ್ಲಿ ಹೋಟೆಲು ನಡೆಸುತ್ತಿದ್ದ ಅವರ ಯಜಮಾನರು ಆಸೆಪಟ್ಟು ಕೊಂಡ ಫಿಯಟ್ ಅದು. ಅವರು ಹೋದಮೇಲೆ ಓಡಿಸುವವರಿಲ್ಲದೆ, ಮದರಾಸಿನಲ್ಲಿ ಇನ್ಶೂರೆನ್ಸ್ ಆಫೀಸಿನಲ್ಲಿದ್ದ ಕಿರಿಯ ಅಳಿಯ ಕಮಲಾಕರನ ವಶಕ್ಕೆ ಬಂದಿತ್ತು. ವಶಕ್ಕೆ ಅಷ್ಟೇ, ಹೆಸರಿಗಲ್ಲ. ಹಿರಿಯ ಅಳಿಯ ರಾಮದಾಸನೂ ಅದೇ ಊರಿನಲ್ಲಿ, ಅಡ್ಯಾರಿನಲ್ಲಿದ್ದ. ಬ್ಯಾಂಕಿನ ಕೆಲಸ. ಅತ್ತೆ ಏನೆಂದರೂ "ಹೌದತ್ತೆ" ಎನ್ನುವುದು ಬಿಟ್ಟರೆ ಅವನ ಬಾಯಿಂದ ಇನ್ನೊಂದು ಮಾತು ಕೇಳಿದವರಿಲ್ಲ.

"ಮುಂದಿನ ಸಲ ಬಂದಾಗ ನೋಡ್ತೀನಿ. ಕಾರನ್ನ ಯಾರು ಚೆನ್ನಾಗಿ ಇಟ್ಕೋತಾರೋ ಅವರ ಹೆಸರಿಗೇ ಮಾಡಿಕೊಡ್ತೀನಿ," ಎಂದಿದ್ದರು ಶಾರದಮ್ಮ. ಆ ಸಲ ಅವರು ತೆಗೆದ ತಪ್ಪು ಅದೊಂದೇ ಅಲ್ಲ. ನಡುಮನೆಯ ಬಲ್ಬು ಮಂಕು ಎಂದಿದ್ದರು. ಕಿರಿಯ ಮಗಳು ವಾಸಂತಿಯ ಹೊಸ ರೇಷ್ಮೆ ಸೀರೆ ನೋಡಿ, ಬಣ್ಣ ಮಾಸಿದ್ದನ್ನು ಯಾಕೆ ತಂದೆ, ಅಂಗಡಿಗೆ ತಿರುಗಿ ಕೊಡು ಎಂದಿದ್ದರು. ವಾಸಂತಿ ಸೀರೆ ತಿರುಗಿ ಕೊಡಲಿಲ್ಲ. ಕಮಲಾಕರ ಮಾತ್ರ ಕಾರಿನ ಮಾತನ್ನು ಎದೆಗೆ ಹಚ್ಚಿಕೊಂಡ. ಅವನಿಗೆ ಆ ಕಾರೆಂದರೆ ಪ್ರಾಣ. ಆಫೀಸಿನಲ್ಲಿ ಫೈಲು ನೋಡುತ್ತ ಕೂತಾಗಲೂ ಕಿಸೆಯಲ್ಲಿರುವ ಕೀಲಿಕೈಯನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಈಗ ವೈಶಾಖ. ಭಾನುವಾರ ಸಂಜೆಯ ರೈಲಿಗೆ ಬರುತ್ತೇನೆಂದು ಶಾರದಮ್ಮ ಹೇಳಿಕಳಿಸಿದ್ದರು. ಕಮಲಾಕರ ಪುದುಪೇಟೆಯ ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಜಾಲಾಡಿ, ಒಂದು ದೊಡ್ಡ ಗೋಣಿಚೀಲದ ತುಂಬ ಬೆಳಕು ತಂದಿಟ್ಟಿದ್ದ. ಲಾರಿಗೆ ಹಾಕುವಂಥ ಹೆಡ್‌ಲೈಟು, ಬಂಪರಿಗೆ ಹಳದಿ ಫಾಗ್‌ಲೈಟು, ಹಿಂದಿನ ಗಾಜಿನ ಸುತ್ತ ಕಟ್ಟಲು ಬಣ್ಣದ ಬಲ್ಬುಗಳ ಸರ, ಒಳಗೆ ಕೂತವರ ಮುಖ ಕಾಣಲೆಂದು ಒಂದು ಪುಟ್ಟ ಟ್ಯೂಬ್‌ಲೈಟು, ಇವೆಲ್ಲದರ ಮೇಲೆ ಏಳು ಸ್ವರ ಹಾಡುವ ಹಾರ್ನು. ಭಾನುವಾರ ಬೆಳಗ್ಗೆ ಕಾಫಿ ಕುಡಿದವನೇ ಬನಿಯನ್ನಿನಲ್ಲೇ ಕಾರಿನ ಕೆಳಗೆ ನುಗ್ಗಿದ.

"ರೀ, ಮೆಕ್ಯಾನಿಕ್ಕಿಗೆ ಕೊಡಬಾರದಾ?" ಎಂದಳು ವಾಸಂತಿ, ಕಾರಿನಡಿಯಿಂದ ಚಾಚಿಕೊಂಡಿದ್ದ ಎರಡು ಪಾದಗಳನ್ನು ಉದ್ದೇಶಿಸಿ.

"ಮೆಕ್ಯಾನಿಕ್ಕಿಗೆ ಇದು ಬರೀ ಕಾರು ಕಣೇ. ನನಗೆ ಹಾಗಲ್ಲ," ಎಂದವು ಪಾದಗಳು.

ಒಂದು ಗಂಟೆ ಕಳೆಯುವಷ್ಟರಲ್ಲಿ ಪಕ್ಕದ ಮನೆಯ ಸುಬ್ರಾಯರು ಕಾಂಪೌಂಡ್ ಗೋಡೆಯ ಮೇಲೆ ಗದ್ದ ಊರಿ ನಿಂತರು. ಕುಂದಾಪುರದ ಕಡೆಯವರು. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಆಯುಷ್ಯ ಕಳೆದು ನಿವೃತ್ತರಾದವರು. ನಿವೃತ್ತಿಯ ನಂತರ ನುಂಗಂಬಾಕ್ಕಮ್ಮಿನ ಆ ಬೀದಿಯಲ್ಲಿ ಅವರ ಕೈ ತಾಗದ ಫ್ಯಾನೂ ಇಸ್ತ್ರಿಪೆಟ್ಟಿಗೆಯೂ ಉಳಿದಿರಲಿಲ್ಲ.

"ಇದೆಂತದು ಕಮಲಾಕರರೇ, ವೈರಿನ ಕೆಲಸ ಹೀಗೆ ಮಾಡುವುದಾ? ನಾನು ಇಲ್ಲಿ ಜೀವಂತ ಇರುವಾಗ ನೀವ್ಯಾಕೆ ತಲೆಬಿಸಿ ಮಾಡುವುದು?" ಎನ್ನುತ್ತ ಲುಂಗಿ ಎತ್ತಿ ಕಟ್ಟಿ ಗೋಡೆ ದಾಟಿಯೇ ಬಂದರು.

ಬಂದವರು ಕಮಲಾಕರ ಜೋಡಿಸಿದ್ದನ್ನೆಲ್ಲ ಕಿತ್ತು ಹಾಕಿದರು. ಆಮೇಲೆ ವೈರುಗಳನ್ನು ನೆಲದ ಮೇಲೆ ಹರಡಿ ಪಾಠ ಸುರುಮಾಡಿದರು.

"ನೋಡಿ, ಸಿಗ್ನಲಿನ ತಂತಿ ಒಂದು ತುಂಡಾಯ್ತು ಅಂತ ಇಟ್ಕೊಳ್ಳಿ. ಆಗ ಯಾವ ದೀಪ ಬರ್ಬೇಕು? ಕೆಂಪು. ತನ್ನಿಂದ ತಾನೇ ಬರ್ಬೇಕು. ಇಲ್ಲದಿದ್ರೆ ರೈಲು ಗುದ್ದಿ ಹೋಗ್ತದೆ. ಅದಕ್ಕೇ ಸೇಫ್ಟಿ ಅಂತ ಹೇಳುವುದು. ನಿಮ್ಮ ಕಾರಿಗೂ ಹಾಗೇ ಮಾಡುವ. ಸ್ವಿಚ್ಚು ಕೈಕೊಟ್ರೆ ಅಷ್ಟೂ ಲೈಟು ತನ್ನಿಂದ ತಾನೇ ಹತ್ತಿಕೊಳ್ಳಬೇಕು. ನಿಮ್ಮ ಅತ್ತೆ ಕೂತಿರುವಾಗ ಕತ್ತಲೆ ಆಗುವ ಪ್ರಶ್ನೆಯೇ ಇಲ್ಲ!"

ಕಮಲಾಕರನಿಗೆ ರೋಮಾಂಚನವಾಯಿತು. ಆದರೂ ಸಣ್ಣದೊಂದು ಅನುಮಾನ. "ಆಗ ಆರಿಸೋದು ಹೇಗೆ?"

"ಸ್ವಿಚ್ಚು ಸರಿ ಇದ್ರೆ ಆರಿಸಬಹುದು."

"ಸರಿ ಇಲ್ದಿದ್ರೆ?"

"ಹೊಸ ಸ್ವಿಚ್ಚು ಸರಿ ಇಲ್ಲದೆ ಎಂತ ಆಗ್ತದೆ ಮಾರಾಯ್ರೆ?"

ಊಟದ ಹೊತ್ತಿಗೆ ಡ್ಯಾಶ್‌ಬೋರ್ಡಿನಲ್ಲಿ ಬೇಕಾದ ಕಡೆ ಒಂದು ತೂತು, ಬೇಡವಾದ ಕಡೆ ನಾಲ್ಕು ತೂತು ಬಿದ್ದಿದ್ದವು. ಮೊದಲ ಪರೀಕ್ಷೆಯಲ್ಲಿ ಇಂಡಿಕೇಟರ್ ಹಾಕಿದರೆ ವೈಪರ್ ಆಡಿತು. ಅದನ್ನು ಸರಿಮಾಡಿದರೆ, ಬ್ರೇಕು ಒತ್ತಿದಾಗಲೆಲ್ಲ ಹಾರ್ನು ಹಾಡತೊಡಗಿತು. ಸುಬ್ರಾಯರು ತಲೆ ಕೆರೆದುಕೊಂಡು, "ಅದು ಇರಲಿ ಬಿಡಿ. ಕಾರು ನಿಲ್ತಾ ಉಂಟು ಅಂತ ಹಿಂದಿನವನಿಗೆ ಕಿವಿಯಲ್ಲೂ ಗೊತ್ತಾಗ್ತದೆ, ಒಳ್ಳೇದೇ," ಎಂದರು.

ಸ್ವಿಚ್ಚು ಎಳೆದಾಗ ಮಾತ್ರ ಮಧ್ಯಾಹ್ನದ ಬಿಸಿಲಿನಲ್ಲೂ ಕಾರು ಹೊಳೆಯಿತು! ಮಹಡಿಯ ಮೇಲಿನ ಜಯಲಕ್ಷ್ಮೀ ಮಾಮಿ ಹಪ್ಪಳ ಒಣಗಿಸುವುದನ್ನು ಬಿಟ್ಟು ಓಡಿ ಕೆಳಗಿಳಿದು ಬಂದರು. ಮಾಮಿ ಚಿಕ್ಕಂದಿನಲ್ಲಿ ಬೆಂಗಳೂರಿನಲ್ಲಿದ್ದವರಾದ್ದರಿಂದ ಕನ್ನಡದಲ್ಲೇ ತಮಿಳು ಮಾತಾಡುತ್ತಿದ್ದರು.

"ಅಯ್ಯೋ ಕಮಲಾಕರ್, ರೊಂಬ ಪ್ರಮಾದವಾಗಿದೆ! ಕಾರಿಗೆ ಕಲ್ಯಾಣ ಕಳೆಯೇ ಬಂದ್ಬಿಡ್ತು ಪಾರುಂಗೋ! ಇನ್ನಿಕ್ಕಿ, ಇವತ್ತೇ ಸಾಯಂಕಾಲ ನಮ್ಮ ತಂಗಿ ಮಗಂದು ಜಾನವಾಸ. ಅವರು ಗೊತ್ತುಮಾಡಿರೋ ಕಾರು ಕೂಡ ಇಷ್ಟು ಚೆನ್ನಾಗಿಲ್ಲ."

ತಮಿಳಿನಲ್ಲಿ ಪ್ರಮಾದವೆಂದರೆ ಅದ್ಭುತ. ಕಮಲಾಕರ ಉಬ್ಬಿಹೋದ. ವಾಸಂತಿ ಮಾತ್ರ ಬಾಗಿಲಲ್ಲೇ ನಿಂತು, "ಅಮ್ಮ ಬರ್ತಿರೋದು ಕಾರು ನೋಡೋಕೆ, ಸರ್ಕಸ್ ನೋಡೋಕಲ್ಲ. ನಾನಂತೂ ಇದರಲ್ಲಿ ಕೂರಲ್ಲ," ಎಂದು ಒಳಗೆ ಹೋದಳು.

ಸಂಜೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿ ಕಮಲಾಕರ ಸೆಂಟ್ರಲ್ ಸ್ಟೇಷನ್ನಿಗೆ ಹೊರಟ. ಬೇಕಾದಷ್ಟು ಸಮಯವಿತ್ತು. ಅತ್ತೆ ಹಿಂದಿನ ಸೀಟಿನಲ್ಲಿ ಕೂತು "ಭೇಷ್ ಅಳಿಯಂದ್ರೇ!" ಎನ್ನುವುದು ಅವನ ಕಿವಿಯಲ್ಲಿ ಆಗಲೇ ಕೇಳಿಸುತ್ತಿತ್ತು. ಆ ಖುಷಿಯಲ್ಲಿ ಬೀದಿ ಕೊನೆಯ ಪಿಳ್ಳೈಯಾರ್ ಗುಡಿಯ ಹತ್ತಿರ ತಿರುಗುತ್ತಾನೆ, ಜಯಲಕ್ಷ್ಮೀ ಮಾಮಿ ಎರಡೂ ಕೈ ಅಗಲಿಸಿ ರಸ್ತೆಯ ನಡುವೆ ನಿಂತಿದ್ದಾರೆ. ಬ್ರೇಕು ಒತ್ತಿದ. ಹಾರ್ನು ಹಾಡಿತು.

ಗುಡಿಯ ಮುಂದೆ ದೊಡ್ಡ ಗುಂಪು. ನಾಗಸ್ವರದವರು, ತಲೆಯ ಮೇಲೆ ಗ್ಯಾಸ್‌ಲೈಟು ಹೊತ್ತವರು, ನಡುವೆ ಸೂಟು ಹಾಕಿ ಮಾಲೆ ಧರಿಸಿ ಬೆವರುತ್ತಿದ್ದ ಮದುಮಗ. ಮದುವೆಯ ಹಿಂದಿನ ಸಂಜೆ ಗುಡಿಯಿಂದ ಕಲ್ಯಾಣಮಂಟಪಕ್ಕೆ ಮದುಮಗನನ್ನು ಕಾರಿನಲ್ಲಿ ಮೆರೆಸಿಕೊಂಡು ಹೋಗುವ ಜಾನವಾಸದ ಶಾಸ್ತ್ರ. ಎಲ್ಲ ಇತ್ತು, ಕಾರೊಂದಿರಲಿಲ್ಲ. ಗೊತ್ತುಮಾಡಿದ್ದ ಕಾರು ದಾರಿಯಲ್ಲೆಲ್ಲೋ ಕೆಟ್ಟು ನಿಂತಿತ್ತು.

"ಕಮಲಾಕರ್, ದೇವರ ಹಾಗೆ ಬಂದ್ರಿ! ಈಗಷ್ಟೇ ರಾಹುಕಾಲ ಮುಗೀತು, ಇನ್ನು ನಿಲ್ಲಂಗಿಲ್ಲ," ಎಂದರು ಮಾಮಿ.

"ಮಾಮಿ, ನಮ್ಮತ್ತೆ, ರೈಲು..."

"ಇದೋ ಇಲ್ಲೇ ಮಂಟಪ. ಅಂಜು ನಿಮಿಷ, ಐದೇ ನಿಮಿಷ!"

ಅವನು ಬಾಯಿ ತೆರೆಯುವ ಮೊದಲೇ ಹಿಂದಿನ ಬಾಗಿಲು ತೆಗೆದು ಮದುಮಗನನ್ನು ತುರುಕಿದ್ದಾಗಿತ್ತು. ಅವನ ಜೊತೆಗೆ ಸಿಕ್ಕಿದಷ್ಟು ಮಕ್ಕಳು. ಮುಂದಿನ ಸೀಟಿನಲ್ಲಿ ಮದುಮಗನ ದೊಡ್ಡಪ್ಪ, ಜರಿ ಅಂಚಿನ ಪಂಚೆಯ ಭಾರೀ ಆಸಾಮಿ, ಬಂದು ಕೂತರು.

ಮೆರವಣಿಗೆ ಆಮೆನಡಿಗೆಯಲ್ಲಿ ಹೊರಟಿತು. ಹೆಜ್ಜೆಗೊಂದು ಸಲ ಬ್ರೇಕು, ಬ್ರೇಕಿಗೊಂದು ಸಲ ಹಾರ್ನಿನ ಏಳು ಸ್ವರ. ಮುಂದೆ ಮೈಮರೆತು ಊದುತ್ತಿದ್ದ ನಾಗಸ್ವರದ ವಿದ್ವಾನರು ಮೂರು ಸಲ ಸಹಿಸಿ, ನಾಲ್ಕನೆಯ ಸಲ ವಾದ್ಯವನ್ನು ಕಂಕುಳಲ್ಲಿಟ್ಟು ಹಿಂದೆ ತಿರುಗಿದರು. "ಯಾರ್ ಅದು ಅಪಸ್ವರಂ?" ಅವರನ್ನು ಸಮಾಧಾನ ಮಾಡಿ ಮತ್ತೆ ಊದಿಸುವುದಕ್ಕೆ ಒಂದು ಸೋಡಾ ಬೇಕಾಯಿತು. ಅಂಜು ನಿಮಿಷ ಅಲ್ಲಿಗೇ ಮುಗಿದುಹೋಯಿತು.

ಅಷ್ಟರಲ್ಲಿ ಕತ್ತಲಾಗಿತ್ತು. "ಲೈಟೆಲ್ಲಾಂ ಪೋಡುಂಗೋ, ಮಾಪ್ಪಿಳ್ಳೆ ಮುಖ ಕಾಣ್ಬೇಕು!" ಎಂದು ಮಾಮಿ ಹೊರಗಿನಿಂದ ಕೂಗಿದರು. ಕಮಲಾಕರ ಸ್ವಿಚ್ಚಿನ ಕಡೆ ಕೈ ಚಾಚುವುದರೊಳಗೆ ದೊಡ್ಡಪ್ಪನವರು ತಾವೇ ಅದನ್ನು ಹಿಡಿದು, ಬಾವಿಯಿಂದ ಕೊಡ ಸೇದುವ ರಭಸದಲ್ಲಿ ಎಳೆದರು. ಸ್ವಿಚ್ಚು ಬುಡಸಮೇತ ಅವರ ಕೈಗೆ ಬಂತು.

ಸುಬ್ರಾಯರ ಮಾತು ಸುಳ್ಳಾಗಲಿಲ್ಲ. ಅಷ್ಟೂ ದೀಪ ತಮ್ಮಿಂದ ತಾವೇ ಹತ್ತಿಕೊಂಡವು. ಗ್ಯಾಸ್‌ಲೈಟಿನವರು ತಮಗಿನ್ನು ಕೆಲಸವಿಲ್ಲವೆಂದು ಪಕ್ಕಕ್ಕೆ ಸರಿದರು. ಜನ ಹೋ ಎಂದು ಚಪ್ಪಾಳೆ ತಟ್ಟಿದರು. ನುಂಗಂಬಾಕ್ಕಮ್ಮಿನ ಹುಳಹುಪ್ಪಟೆಯೆಲ್ಲ ಕಾರಿನೊಳಗಿನ ಟ್ಯೂಬ್‌ಲೈಟಿಗೆ ಮುತ್ತಿಕೊಂಡು, ಮದುಮಗ ನಾಳೆಯ ಹುಡುಗಿಯನ್ನು ಮರೆತು ತನ್ನ ಕಾಲರಿನೊಳಗೆ ಹೊಕ್ಕ ಹುಳವನ್ನು ಹುಡುಕತೊಡಗಿದ. ಕಮಲಾಕರ ಗಡಿಯಾರ ನೋಡಿಕೊಂಡ, ರೈಲಿನ ಹೊತ್ತಾಗಿತ್ತು. ಆದರೂ ನಿಜ ಹೇಳಬೇಕೆಂದರೆ, ಆ ಚಪ್ಪಾಳೆ ಕೇಳಿ ಅವನಿಗೆ ಒಳಗೊಳಗೇ ಹೆಮ್ಮೆಯೂ ಆಯಿತು.

ಮಂಟಪ ಮುಟ್ಟಿ, ತೆಂಗಿನಕಾಯಿ ತಾಂಬೂಲದ ಚೀಲ ಕೈಗೆ ಬಿದ್ದದ್ದೇ ಅವನು ಸೆಂಟ್ರಲ್ಲಿಗೆ ಹಾರಿದ. ದೀಪ ಆರಿಸುವ ದಾರಿಯೇ ಇರಲಿಲ್ಲ. ಒಂದು ಚೌಕದಲ್ಲಿ ಪೊಲೀಸಿನವನು ಯಾರೋ ದೊಡ್ಡವರ ಕಾರೆಂದು ಎಲ್ಲರನ್ನೂ ತಡೆದು ಸಲ್ಯೂಟ್ ಹೊಡೆದು ಬಿಟ್ಟುಕೊಟ್ಟ. ಆದರೆ ಸ್ಟೇಷನ್ನಿನಲ್ಲಿ ರೈಲು ಬಂದು, ಜನ ಇಳಿದು ಹೋಗಿಯಾಗಿತ್ತು, ಪ್ಲಾಟ್‌ಫಾರಂ ಗುಡಿಸುತ್ತಿದ್ದರು.

ವಾಪಸು ಬರುವಾಗ ಬೀದಿ ತಿರುವಿನಿಂದಲೇ ನೋಡಿದರೆ ಮನೆಯೊಳಗೆಲ್ಲ ಕತ್ತಲೆ. ಕರೆಂಟು ಹೋಗಿದೆ ಎಂದುಕೊಂಡ ಕಮಲಾಕರನಿಗೆ ಮತ್ತೆ ಉತ್ಸಾಹ ಬಂತು. ಕತ್ತಲಲ್ಲಿ ನಿಂತ ಅತ್ತೆಗೆ ಕಾರನ್ನು ಒಮ್ಮೆಲೇ ತೋರಿಸಿದರೆ ತಡವಾದದ್ದೆಲ್ಲ ಮರೆತೇಹೋಗುತ್ತದೆ! ಬೆಳಕು ಒಳಗೆ ಬೀಳದಂತೆ ಕಾರನ್ನು ಬೀದಿ ತಿರುವಿನಲ್ಲೇ ನಿಲ್ಲಿಸಿ, ಕೀಲಿಕೈಯನ್ನೂ ಅದರಲ್ಲೇ ಬಿಟ್ಟು, ಓಡುತ್ತ ಬಂದ.

ನಡುಮನೆಯ ಮೂಲೆಯಲ್ಲಿ ಒಂದು ಸಣ್ಣ ದೀಪ ಮಾತ್ರ ಉರಿಯುತ್ತಿತ್ತು. ಶಾರದಮ್ಮನವರು ಈಸಿಚೇರಿನಲ್ಲಿ ಕೂತಿದ್ದರು. ಕಣ್ಣಿಗೆ ದೊಡ್ಡ ಕಪ್ಪು ಕನ್ನಡಕ. ಪಕ್ಕದಲ್ಲಿ ರಾಮದಾಸ. ಬಸ್ಸಿನಲ್ಲಿ ಸ್ಟೇಷನ್ನಿಗೆ ಹೋಗಿ ಆಟೋದಲ್ಲಿ ಅತ್ತೆಯನ್ನು ಕರೆತಂದಿದ್ದ.

"ಬನ್ನಿ ಅಳಿಯಂದ್ರೇ. ಲೈಟು ಹಾಕಬೇಡಿ. ಕಣ್ಣಿಗೆ ಆಪರೇಷನ್ ಆಗಿದೆ."

"ಆಪರೇಷನ್ನಾ?"

"ನೀವೆಲ್ಲ ಗಾಬರಿಯಾಗ್ತೀರಿ ಅಂತ ಹೇಳಿರಲಿಲ್ಲ. ಎರಡು ಕಣ್ಣಿಗೂ ಪೊರೆ ಬಂದಿತ್ತಂತೆ. ತೆಗೆದಮೇಲೆ ನೋಡಿ, ವಾಸಂತಿ ಸೀರೆ ಏನು ಬಣ್ಣ, ಏನು ಬಣ್ಣ! ಇನ್ನೂ ಸ್ವಲ್ಪ ದಿನ ಜೋರು ಬೆಳಕು ಕಣ್ಣಿಗೆ ಬೀಳಕೂಡದು ಅಂದಿದಾರೆ ಡಾಕ್ಟ್ರು." ಶಾರದಮ್ಮನವರ ದನಿ ಮೆತ್ತಗಾಯಿತು. "ಪಾಪ, ನಿಮ್ಮನ್ನ ಸುಮ್ಮನೆ ಅಂದೆ. ಕಾರಿನ ಲೈಟಿನಲ್ಲಿ ಏನೂ ದೋಷ ಇರಲಿಲ್ಲ, ದೋಷ ನನ್ನ ಕಣ್ಣಲ್ಲಿತ್ತು. ಅದಕ್ಕೇ ಕಾರು ನಿಮಗೇ ಅಂತ ಯೋಚನೆ ಮಾಡ್ಕೊಂಡೇ ಬಂದಿದೀನಿ. ಯಜಮಾನರು ಬಿಟ್ಟುಹೋದ ಹಾಗೇ ಇಟ್ಟಿದೀರಲ್ಲ, ಅಷ್ಟು ಸಾಕು ನನಗೆ. ಅಲ್ವಾ ರಾಮದಾಸರೇ?"

"ಹೌದತ್ತೆ," ಎಂದ ರಾಮದಾಸ.

ಕಮಲಾಕರನಿಗೆ ಒಂದು ಗಳಿಗೆ ಕುಣಿಯುವಷ್ಟು ಸಂತೋಷವಾಯಿತು. ಮರುಗಳಿಗೆ ಬೀದಿ ತಿರುವಿನಲ್ಲಿ ಉರಿಯುತ್ತಿದ್ದ ದೀಪಗಳು ನೆನಪಾದವು. ವಾಸಂತಿ ಅಡಿಗೆಮನೆ ಬಾಗಿಲಿನಿಂದ ಅವನನ್ನೇ ನೋಡುತ್ತಿದ್ದಳು.

"ಬನ್ನಿ, ಒಂದ್ಸಲ ಕಾರನ್ನ ಕಣ್ತುಂಬ ನೋಡ್ತೀನಿ. ಕತ್ತಲಲ್ಲೇ ನನಗೆ ಹಾಯಾಗಿ ಕಾಣುತ್ತೆ," ಎಂದು ಶಾರದಮ್ಮ ಎದ್ದು ಕನ್ನಡಕ ತೆಗೆದು ಜಗುಲಿಗೆ ಬಂದೇಬಿಟ್ಟರು.

"ಬೇಡ ಅತ್ತೆ! ನಾಳೆ, ನಾಳೆ ಬೆಳಗ್ಗೆ ನೋಡಿದ್ರಾಯ್ತು! ಅದು ಈಗ... ನಿದ್ದೆ ಮಾಡ್ತಿದೆ!"

ಕಾರು ನಿದ್ದೆ ಮಾಡುವುದೇ ಎಂದು ಅವರು ಕೇಳುವಷ್ಟರಲ್ಲಿ ಗೇಟು ಕಿರುಗುಟ್ಟಿತು. ಬೀದಿಯಲ್ಲಿ ಅನಾಥವಾಗಿ ಉರಿಯುತ್ತಿದ್ದ ಕಾರನ್ನು ಕಂಡು ಮರುಗಿದ ಸುಬ್ರಾಯರು, ಅದನ್ನು ತಾವೇ ಓಡಿಸಿಕೊಂಡು ನೇರ ಜಗುಲಿಯ ಮುಂದಕ್ಕೆ ತಂದು ಬ್ರೇಕು ಒತ್ತಿದರು. ಲಾರಿ ಲೈಟು, ಹಳದಿ ಲೈಟು, ಬಣ್ಣದ ಸರ, ಟ್ಯೂಬು, ಎಲ್ಲವೂ ಒಟ್ಟಿಗೆ ಶಾರದಮ್ಮನವರ ಹೊಸ ಕಣ್ಣಿಗೆ ನುಗ್ಗಿದವು. ಹಾರ್ನು ಏಳು ಸ್ವರವನ್ನೂ ಹಾಡಿ ಮುಗಿಸಿತು.

"ಅಯ್ಯಯ್ಯೋ! ಕಣ್ಣು ಹೋಯ್ತು!" ಶಾರದಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂಗಿದರು.

ಸುಬ್ರಾಯರು ಎಂಜಿನ್ ನಿಲ್ಲಿಸಿ, ಎದೆಯುಬ್ಬಿಸಿ ಇಳಿದರು. "ಹೇಗೆ ಕಮಲಾಕರರೇ? ಸ್ವಿಚ್ಚೇ ಕಿತ್ತುಹೋಗಿ ಉಂಟು, ಆದ್ರೂ ಒಂದಾದ್ರೂ ಲೈಟು ಆರಿದೆಯಾ ನೋಡಿ!"

ವಾಸಂತಿ ತಾಯಿಗೆ ಕಪ್ಪು ಕನ್ನಡಕ ಹಾಕಿದಳು. ಅದರ ಹಿಂದಿನಿಂದ ಶಾರದಮ್ಮನವರು ಡ್ಯಾಶ್‌ಬೋರ್ಡಿನ ತೂತುಗಳನ್ನೂ, ಬಲ್ಬಿನ ಸರವನ್ನೂ, ಸತ್ತ ಹುಳುಗಳನ್ನೂ, ಹಿಂದಿನ ಸೀಟಿನಲ್ಲಿ ಬಿದ್ದಿದ್ದ ಮದುಮಗನ ಮಾಲೆಯ ಹೂಗಳನ್ನೂ ನೋಡಿದರು.

"ರಾಮದಾಸರೇ, ಈ ಕಾರು ಇನ್ನುಮೇಲೆ ನಿಮ್ಮದು. ಈಗಲೇ ತಗೊಂಡು ಹೋಗಿ. ಈ ಲೈಟೆಲ್ಲ ಬಿಚ್ಚಿಸಿಬಿಡಿ."

"ಹೌದತ್ತೆ," ಎಂದು ರಾಮದಾಸ ಸ್ಟಿಯರಿಂಗ್ ಮುಂದೆ ಹೋಗಿ ಕೂತ.

ಅಷ್ಟರಲ್ಲಿ ದೀಪಗಳು ಕೆಂಪಗಾದವು, ಆಮೇಲೆ ಮಂಕಾದವು, ಆಮೇಲೆ ಒಂದೊಂದಾಗಿ ಆರಿಹೋದವು. ಬ್ಯಾಟರಿ ಪೂರ್ತಿ ಸತ್ತಿತ್ತು. ಕತ್ತಲಲ್ಲಿ ಶಾರದಮ್ಮನವರು, "ಅಬ್ಬ, ಈಗ ಹಾಯಾಯ್ತು," ಎಂದು ನಿಟ್ಟುಸಿರಿಟ್ಟರು. ಆದರೆ ರಾಮದಾಸ ಎಷ್ಟು ಕೀಲಿ ತಿರುಗಿಸಿದರೂ ಕಾರು ಉಸಿರೆತ್ತಲಿಲ್ಲ. ತಳ್ಳದೆ ಬೇರೆ ದಾರಿಯಿರಲಿಲ್ಲ. ಸುಬ್ರಾಯರಿಗೆ ಬೆನ್ನುನೋವು.

ಕಮಲಾಕರ ಇಸ್ತ್ರಿ ಅಂಗಿಯ ತೋಳು ಮಡಚಿ, ತಾನೇ ಕಟ್ಟಿದ ಬಲ್ಬಿನ ಸರದ ಕೆಳಗೆ ಎರಡೂ ಕೈ ಊರಿ, ಪ್ರಾಣಕ್ಕಿಂತ ಹೆಚ್ಚಾಗಿದ್ದ ಕಾರನ್ನು ಗೇಟಿನಿಂದಾಚೆ ತಳ್ಳತೊಡಗಿದ.

"ಇನ್ನೂ ಸ್ವಲ್ಪ ಜೋರಾಗಿ ತಳ್ಳಿ ಅಳಿಯಂದ್ರೇ," ಎಂದರು ಶಾರದಮ್ಮ ಜಗುಲಿಯಿಂದ. "ಪಾಪ, ಅವರು ಅಡ್ಯಾರ್ ತನಕ ಹೋಗಬೇಕು."

"ಹೌದತ್ತೆ," ಎಂದ ಕಮಲಾಕರ.